ಗುಡ್ಡ ಹೊನ್ನಾಗುವ ಹೊತ್ತು: ಕಪ್ಪತಗುಡ್ಡದ ಬಣ್ಣ ಕ್ಯಾಮೆರಾದಲ್ಲಿ ಉಳಿಯಬೇಕಾದರೆ

ನವೆಂಬರಿನ ಒಂದು ಬೆಳಿಗ್ಗೆ ಆರೂಮುಕ್ಕಾಲಿಗೆ ಡಂಬಳದ ಕೆರೆ ಏರಿಯ ಮೇಲೆ ನಿಂತಿದ್ದೀರಿ. ದೂರದಲ್ಲಿ ಕಪ್ಪತಗುಡ್ಡದ ಸಾಲು, ಮೈತುಂಬ ಒಣಗುತ್ತಿರುವ ಹುಲ್ಲು. ಬಿಸಿಲು ಬಿದ್ದದ್ದೇ ತಡ, ಹುಣಸೆಹಣ್ಣು ಹಾಕಿ ತಿಕ್ಕಿದ ಹಿತ್ತಾಳೆ ಕೊಡದ ಹಾಗೆ ಗುಡ್ಡ ಹೊಳೆಯತೊಡಗುತ್ತದೆ. ಕ್ಯಾಮೆರಾ ಎತ್ತಿ ಇಪ್ಪತ್ತು ಫೋಟೊ ಹೊಡೆಯುತ್ತೀರಿ. ಮನೆಗೆ ಬಂದು ದೊಡ್ಡ ಪರದೆಯ ಮೇಲೆ ನೋಡಿದರೆ ಹಳೆಯ ಗೋಣಿಚೀಲದ ಬಣ್ಣ! ಹೊಳಪೂ ಇಲ್ಲ, ಗುಡ್ಡದ ಏರಿಳಿತವೂ ಇಲ್ಲ. ಬೇಸರದಿಂದ ಬಣ್ಣ ಹೆಚ್ಚಿಸುವ ಗುಂಡಿಯನ್ನು ಎಳೆದರೆ ಗುಡ್ಡ ಕಿತ್ತಳೆಯಾಗುತ್ತದೆ, ಆಕಾಶ ಶಾಯಿಯಾಗುತ್ತದೆ.

ಹೊಸದಾಗಿ ಕ್ಯಾಮೆರಾ ಹಿಡಿದವರ ಸಣ್ಣ ಗುಂಪುಗಳ ಜೊತೆ ಈ ಗುಡ್ಡದ ಅಂಚಿನಲ್ಲಿ ಎರಡು ದಿನದ ಶಿಬಿರಗಳಲ್ಲಿ ಓಡಾಡುವಾಗ ಪ್ರತಿ ಸಲ ಕೇಳುವ ದೂರು ಇದು. ದೋಷ ನಿಮ್ಮ ಕ್ಯಾಮೆರಾದ್ದಲ್ಲ. ಬಣ್ಣ ಎಲ್ಲಿಂದ ಬರುತ್ತದೆ, ಯಾವ ತಿಂಗಳು ಬರುತ್ತದೆ, ಬೆಳಕು ಯಾವ ಕಡೆಯಿಂದ ಬಿದ್ದರೆ ಅದು ಕಾಣುತ್ತದೆ ಎಂಬುದು ಗೊತ್ತಾದರೆ ಅರ್ಧ ಕೆಲಸ ಮುಗಿಯಿತು.

ಮೊದಲು ತಿಂಗಳು ಸರಿಯಾಗಲಿ

ಅಕ್ಟೋಬರ್ ಕೊನೆಯಲ್ಲಿ ಕಾಶ್ಮೀರದ ಚಿನಾರ್ ಮರಗಳು ಕೆಂಪಾದ ಫೋಟೊಗಳು ಎಲ್ಲರ ಮೊಬೈಲಿಗೂ ಬರುತ್ತವೆ. ಅದನ್ನು ನೋಡಿ ಅದೇ ವಾರ ನಮ್ಮ ಗುಡ್ಡಕ್ಕೆ ಬಂದವರಿಗೆ ಸಿಗುವುದು ಹಸಿರು ಮರ. ಹೊರದೇಶಗಳ ಎಲೆ ಉದುರುವ ಕಾಲವನ್ನು ನಾವು ಶರತ್ಕಾಲ ಎಂದು ಕರೆದುಕೊಂಡಿದ್ದೇ ಈ ಗೊಂದಲಕ್ಕೆ ಕಾರಣ. ನಮ್ಮ ಶರದೃತು ಆಶ್ವಯುಜ, ಕಾರ್ತಿಕ. ಮಳೆ ಹಿಂದೆ ಸರಿದು ಆಕಾಶ ತಿಳಿಯಾಗುವ ಕಾಲ. ಎಲೆ ಉದುರುವುದು ಶಿಶಿರದಲ್ಲಿ, ಮಾಘ, ಫಾಲ್ಗುಣದಲ್ಲಿ.

ಕಾರಣ ಸರಳವಾಗಿದೆ. ಹಿಮ ಬೀಳುವ ನಾಡಿನಲ್ಲಿ ಮರ ಎಲೆ ಕಳಚುವುದು ಚಳಿ ಮತ್ತು ಕುಗ್ಗುವ ಹಗಲಿನ ಕಾರಣಕ್ಕೆ. ಬಯಲುಸೀಮೆಯ ಮರ ಎಲೆ ಕಳಚುವುದು ಮುಖ್ಯವಾಗಿ ನೀರು ಉಳಿಸಿಕೊಳ್ಳಲು. ಮಣ್ಣಿನ ತೇವ ಆರಬೇಕು, ಒಣಗಾಳಿ ಬೀಸಬೇಕು, ಆಗ ಎಲೆಯಲ್ಲಿನ ಪತ್ರಹರಿತ್ತು ಒಡೆಯುತ್ತದೆ. ಅದರಡಿ ಮೊದಲಿನಿಂದಲೂ ಇದ್ದ ಹಳದಿ ಆಗ ಮೇಲೆ ಕಾಣುತ್ತದೆ. ಕೆಂಪು ಮಾತ್ರ ಹಾಗಲ್ಲ. ಅದನ್ನು ಎಲೆ ಹೊಸದಾಗಿ ತಯಾರಿಸುತ್ತದೆ, ಅದೂ ಎಲ್ಲ ಮರಗಳಲ್ಲಲ್ಲ. ಚಿಗುರೆಲೆಯ ಕೆಂಪು ಕೂಡ ಇದೇ ಬಗೆಯ ಬಣ್ಣ. ಎಳೆಯ ಎಲೆಗೆ ಅದು ಬಿಸಿಲಿನಿಂದ ಸಿಗುವ ರಕ್ಷಣೆ.

ಹಾಗಾಗಿ ನಮ್ಮ ಗುಡ್ಡಕ್ಕೆ ಒಂದಲ್ಲ, ಮೂರು ಬಣ್ಣದ ಕಾಲಗಳಿವೆ. ಕ್ಯಾಲೆಂಡರಿನ ತಾರೀಖಿಗಿಂತ ಹಬ್ಬಗಳನ್ನು ಗುರುತಿಟ್ಟುಕೊಂಡರೆ ಮರೆಯುವುದಿಲ್ಲ.

ಶೀಗಿ ಹುಣ್ಣಿಮೆಯಿಂದ ಎಳ್ಳಮಾವಾಸ್ಯೆಯವರೆಗೆ ಹುಲ್ಲಿನ ಕಾಲ. ಕಪ್ಪತಗುಡ್ಡದ ನಿಜವಾದ ಬಣ್ಣ ಇದೇ ಎಂದು ನಾನು ನಂಬಿದ್ದೇನೆ. ಬಾದೆ ಹುಲ್ಲು, ಕರಡ ಹಸಿರಿನಿಂದ ಹಳದಿಗೆ, ಹಳದಿಯಿಂದ ತಾಮ್ರಕ್ಕೆ ತಿರುಗುತ್ತವೆ. ನಡುವೆ ಒಂದು ಹಿಂಗಾರಿ ಮಳೆ ಬಿದ್ದರೆ ಗಾಳಿಯಲ್ಲಿನ ಧೂಳು ತೊಳೆದುಹೋಗುತ್ತದೆ. ಮಳೆಯ ಮರುದಿನ ಬೆಳಗಿನ ಬೆಳಕು ವರ್ಷದಲ್ಲೇ ಉತ್ತಮವಾದದ್ದು. ಆ ದಿನ ಮನೆಯಲ್ಲಿ ಕೂರಬೇಡಿ.

ಸಂಕ್ರಾಂತಿಯಿಂದ ಶಿವರಾತ್ರಿವರೆಗೆ ಎಲೆಯ ಕಾಲ. ಒಣಕಾಡಿನ ದಿಂಡಿಗದ ಎಲೆ ಉದುರುವ ಮುನ್ನ ತಾಮ್ರಗೆಂಪಾಗುತ್ತದೆ. ಕಾಡಿಗೆ ಹೋಗಲಾಗದವರು ಊರೊಳಗಿನ ಶಾಲೆಯ ಅಂಗಳದ ಬಾದಾಮಿ ಮರವನ್ನೇ ನೋಡಿ. ನಮ್ಮ ಕಣ್ಣೆದುರೇ ಕಡುಗೆಂಪಾಗುವ ಎಲೆ ಅದರದು, ಅದೂ ಅಂಗೈಗಿಂತ ದೊಡ್ಡದು. ಕಲಿಯಲು ಅದಕ್ಕಿಂತ ಒಳ್ಳೆಯ ವಿಷಯವಿಲ್ಲ. ಇದೇ ತಿಂಗಳುಗಳಲ್ಲಿ ಹೊಲದಲ್ಲಿ ಕುಸುಬಿ ಹೂ, ಕಣದಲ್ಲಿ ಒಣಗಲು ಹರವಿದ ಮೆಣಸಿನಕಾಯಿ. ಮುಂದೆ ಕೆಂಪು ಕಣ, ಹಿಂದೆ ನೀಲಿಗಟ್ಟಿದ ಗುಡ್ಡ: ಈ ಚಿತ್ರಕ್ಕೆ ಕಾಶ್ಮೀರಕ್ಕೆ ಹೋಗಬೇಕಿಲ್ಲ.

ಶಿವರಾತ್ರಿಯಿಂದ ಯುಗಾದಿವರೆಗೆ ಹೂ ಮತ್ತು ಚಿಗುರು. ಎಲೆಯಿಲ್ಲದ ಕೊಂಬೆಯ ಮೇಲೆ ಮುತ್ತಲ ಕೆಂಡದಂತೆ ಅರಳುತ್ತದೆ, ಅರಳಿಯ ಚಿಗುರು ಗುಲಾಬಿ ಮಿಶ್ರಿತ ತಾಮ್ರವಾಗಿರುತ್ತದೆ. ಆದರೆ ಆ ಹೊತ್ತಿಗೆ ಮಬ್ಬು ಹೆಚ್ಚು, ದೂರದ ಸಾಲು ಕಾಣದು. ಕಾಡಿನ ಬೆಂಕಿಯ ಭಯದ ಕಾಲವೂ ಅದೇ. ಹತ್ತಿರದ ಮರ, ಹೂವುಗಳಿಗಷ್ಟೇ ಆ ಕಾಲ ಇಟ್ಟುಕೊಳ್ಳಿ.

ಬೆಳಕಿನ ದಿಕ್ಕು: ದೊಡ್ಡಬಸಪ್ಪ ಗುಡಿಯಲ್ಲಿ ಒಂದು ಪಾಠ

ಶಿಬಿರಕ್ಕೆ ಬಂದವರನ್ನು ನಾವು ಮೊದಲು ಕರೆದೊಯ್ಯುವುದು ಗುಡ್ಡಕ್ಕಲ್ಲ, ಡಂಬಳದ ದೊಡ್ಡಬಸಪ್ಪ ಗುಡಿಗೆ. ಕಲ್ಯಾಣ ಚಾಲುಕ್ಯರ ಕಾಲದ ಈ ಗುಡಿಯ ಗರ್ಭಗುಡಿಯ ಭಾಗ 24 ಮೂಲೆಗಳ ನಕ್ಷತ್ರದ ಆಕಾರದಲ್ಲಿದೆ. ಇತಿಹಾಸ ಹೇಳಲು ಕರೆದೊಯ್ಯುವುದಲ್ಲ. ಬೆಳಗಿನ ಎಂಟರ ಹೊತ್ತಿಗೆ ಗೋಡೆಯ ಸುತ್ತ ನಿಧಾನಕ್ಕೆ ನಡೆಯಿರಿ. ಕಲ್ಲು ಒಂದೇ, ಸೂರ್ಯ ಒಬ್ಬನೇ. ಆದರೆ ಪ್ರತಿ ಮೂಲೆಯೂ ಸೂರ್ಯನಿಗೆ ಬೇರೆ ಕೋನದಲ್ಲಿ ಮುಖ ಮಾಡಿದೆ. ನೇರ ಬಿಸಿಲು ಬಿದ್ದ ಮುಖದಲ್ಲಿ ಕೆತ್ತನೆ ಚಪ್ಪಟೆಯಾಗಿ ಕಾಣುತ್ತದೆ. ಎರಡು ಹೆಜ್ಜೆ ಮುಂದೆ, ಓರೆಯಾಗಿ ಬಿಸಿಲು ಸವರಿದ ಮುಖದಲ್ಲಿ ಒಂದೊಂದು ಗೀರೂ ಎದ್ದು ನಿಲ್ಲುತ್ತದೆ. ಇನ್ನೆರಡು ಹೆಜ್ಜೆಗೆ ಪೂರ್ತಿ ನೆರಳು, ಅಲ್ಲಿ ಬಣ್ಣ ತಣ್ಣಗೆ, ನೀಲಿಯ ಕಡೆಗೆ.

ಈಗ ತಲೆ ಎತ್ತಿ ಗುಡ್ಡದ ಕಡೆ ನೋಡಿ. ಅಲ್ಲಿಯೂ ಮಡಿಕೆಗಳೇ. ನೇರ ಬಿಸಿಲು ಬಿದ್ದಾಗ ನೀವು ತೆಗೆದ ಫೋಟೊ ಯಾಕೆ ಗೋಣಿಚೀಲವಾಯಿತು ಎಂಬುದನ್ನು ಗುಡಿಯ ಗೋಡೆಯೇ ಹೇಳುತ್ತದೆ. ಸೂರ್ಯ ನಿಮ್ಮ ಬೆನ್ನ ಹಿಂದಿದ್ದ. ಮಡಿಕೆಗಳ ನೆರಳು ನಿಮಗೆ ಕಾಣದಂತೆ ಗುಡ್ಡದ ಹಿಂಬದಿಗೆ ಬಿದ್ದಿತ್ತು.

ಕಪ್ಪತಗುಡ್ಡ ಗದಗಿನ ಕಡೆಯಿಂದ ತುಂಗಭದ್ರೆಯ ಕಡೆಗೆ, ಹೆಚ್ಚೂಕಡಿಮೆ ಉತ್ತರದಿಂದ ದಕ್ಷಿಣಕ್ಕೆ ಚಾಚಿದ ಸಾಲು. ಡಂಬಳ, ಡೋಣಿ, ಮುಂಡರಗಿ ಅದರ ಪೂರ್ವಕ್ಕೆ, ಶಿರಹಟ್ಟಿ ಪಶ್ಚಿಮಕ್ಕೆ. ಡಂಬಳದ ಕಡೆಯಿಂದ ಗುಡ್ಡವನ್ನು ನೇರ ನೋಡಿದರೆ ಬೆಳಗಿನ ಬೆಳಕು ಬೆನ್ನ ಹಿಂದಿನಿಂದ ಬರುತ್ತದೆ. ಸೂರ್ಯ ಮೂಡಿದ ಮೊದಲ ಹದಿನೈದು ನಿಮಿಷ ಇದು ಚೆಂದ, ಆಮೇಲೆ ಚಪ್ಪಟೆ. ಆಗ ನೀವು ಗುಡ್ಡದ ಬುಡಕ್ಕೆ ಹತ್ತಿರ ಹೋಗಿ ಸಾಲಿನ ಉದ್ದಕ್ಕೆ, ಅಂದರೆ ಉತ್ತರಕ್ಕೋ ದಕ್ಷಿಣಕ್ಕೋ ಮುಖ ಮಾಡಬೇಕು. ಬೆಳಕು ಪಕ್ಕದಿಂದ ಬರುತ್ತದೆ. ಒಂದರ ಹಿಂದೊಂದು ಮಡಿಕೆ ಬಿಚ್ಚಿಕೊಳ್ಳುತ್ತದೆ. ಸಂಜೆ ಡಂಬಳದ ಕಡೆ ಸೂರ್ಯ ಗುಡ್ಡದ ಹಿಂದೆ ಇಳಿಯುತ್ತಾನೆ; ಹುಲ್ಲಿನ ಹಿಂದಿನಿಂದ ಬೆಳಕು ಹಾಯುವ ಚಿತ್ರಗಳಿಗೆ ಇದು ಸರಿಯಾದ ಹೊತ್ತು. ಗುಡ್ಡದ ಮೈಯ ಮೇಲೆ ಸಂಜೆ ಬಿಸಿಲು ಬೇಕೆಂದರೆ ಶಿರಹಟ್ಟಿ ಕಡೆಗೆ ದಾಟಬೇಕು.

ನವೆಂಬರ್ ಮಧ್ಯದ ನಂತರ ಇಲ್ಲಿ ಸೂರ್ಯೋದಯ ಆರೂವರೆಯ ಆಸುಪಾಸು, ಸೂರ್ಯಾಸ್ತ ಸಂಜೆ ಆರಕ್ಕೆ ಸ್ವಲ್ಪ ಮೊದಲು. ಫೆಬ್ರವರಿ ಮಧ್ಯಕ್ಕೆ ಬೆಳಿಗ್ಗೆ ಏಳಕ್ಕೆ ಕೆಲವು ನಿಮಿಷ ಮೊದಲು, ಸಂಜೆ ಆರೂವರೆ. ಗುಡ್ಡದ ಪೂರ್ವದ ಬುಡದಲ್ಲಿ ನಿಂತವರಿಗೆ ಸಂಜೆ ಬಿಸಿಲು ಇನ್ನೂ ಬೇಗ ಹೋಗುತ್ತದೆ, ಏಕೆಂದರೆ ಗುಡ್ಡವೇ ಅಡ್ಡ. ಅರ್ಧ ಗಂಟೆ ಮುಂಚಿತವಾಗಿ ಜಾಗ ಹಿಡಿದಿರಿ.

ಒಮ್ಮೆ ಡೋಣಿ ಕಡೆ ದಾರಿಯ ಪಕ್ಕ ನಾವು ಟ್ರೈಪಾಡ್ ನಿಲ್ಲಿಸಿಕೊಂಡು ಕಾಯುತ್ತಿದ್ದಾಗ ಕುರಿ ಮೇಯಿಸುವ ಹಿರಿಯರೊಬ್ಬರು ನಿಂತು ನೋಡಿದರು. "ಎದರದು ತಗೀತೀರಿ?" ಎಂದರು. "ಗುಡ್ಡದ್ದರೀ ಅಜ್ಜಾರ, ಹುಲ್ಲಿನ ಬಣ್ಣದ್ದು" ಎಂದೆ. "ಹಂಗಾರ ಇಲ್ಲಿ ನಿಂತರ ಏನೂ ಕಾಣಂಗಿಲ್ಲ ತಮ್ಮಾ. ಹೊತ್ತಿನ ಕಡೆ ಮಾರಿ ಮಾಡಿ ನೋಡ್ರಿ, ಹುಲ್ಲು ತಾನ ಹೊಳೀತೈತಿ" ಎಂದು ಕೈಯಲ್ಲಿದ್ದ ಒಂದು ಕರಡದ ಕಡ್ಡಿಯನ್ನು ಸೂರ್ಯನಿಗೆ ಅಡ್ಡ ಹಿಡಿದು ತೋರಿಸಿದರು. ತೆನೆಯ ತುದಿಯ ಒಂದೊಂದು ಎಳೆಯೂ ದೀಪದ ತಂತಿಯಂತೆ ಉರಿಯುತ್ತಿತ್ತು. ಅದೇ ಕಡ್ಡಿಯನ್ನು ತಿರುಗಿಸಿ ಬಿಸಿಲು ಮುಂದಿನಿಂದ ಬೀಳುವಂತೆ ಹಿಡಿದರು: ಬರೀ ಒಣ ಹುಲ್ಲು. ಫೋಟೊಗ್ರಫಿಯ ಪುಸ್ತಕಗಳಲ್ಲಿ ಹಲವು ಪುಟ ತೆಗೆದುಕೊಳ್ಳುವ ವಿಷಯವನ್ನು ಅವರು ಅರ್ಧ ನಿಮಿಷದಲ್ಲಿ ಮುಗಿಸಿದ್ದರು. ಎಲೆ, ಹುಲ್ಲು, ಹೂದಳ ಎಲ್ಲವೂ ತೆಳ್ಳಗಿನ ಪರದೆಗಳು. ಮೇಲೆ ಬಿದ್ದು ಮರಳುವ ಬೆಳಕಿನಲ್ಲಿ ಆಕಾಶದ ಬಿಳುಪು ಬೆರೆತಿರುತ್ತದೆ. ಒಳಗಿನಿಂದ ಹಾಯ್ದು ಬರುವ ಬೆಳಕಿನಲ್ಲಿ ಎಲೆಯ ಬಣ್ಣ ಮಾತ್ರ ಇರುತ್ತದೆ.

ಕ್ಯಾಮೆರಾದ ಕೆಲಸ, ಹಂತ ಹಂತವಾಗಿ

1. ವೈಟ್ ಬ್ಯಾಲೆನ್ಸನ್ನು ಆಟೊದಿಂದ ತೆಗೆಯಿರಿ. ಚೌಕಟ್ಟಿನ ತುಂಬ ಹೊಂಬಣ್ಣವೇ ಇದ್ದರೆ ಕ್ಯಾಮೆರಾ ಅದನ್ನು ದೋಷ ಎಂದು ತಿಳಿದು ನೀಲಿ ಬೆರೆಸಿ ಸರಿಪಡಿಸುತ್ತದೆ. ಗೋಣಿಚೀಲದ ಬಣ್ಣಕ್ಕೆ ಅರ್ಧ ಕಾರಣ ಇದೇ. ಡೇಲೈಟ್ ಎಂದಿಡಿ, ಅಥವಾ 5500 ಕೆಲ್ವಿನ್‌ಗೆ ಕಟ್ಟಿಹಾಕಿ. ಮೋಡವಿದ್ದರೆ 6000. ಜೊತೆಗೆ ರಾ ಫೈಲಿನಲ್ಲಿ ತೆಗೆದರೆ ಮನೆಯಲ್ಲಿ ತಿದ್ದಲು ಅವಕಾಶ ಉಳಿಯುತ್ತದೆ.

2. ಎಕ್ಸ್‌ಪೋಷರನ್ನು ಕೆಂಪಿನ ಹಿಸ್ಟೋಗ್ರಾಮ್ ನೋಡಿ ನಿರ್ಧರಿಸಿ. ಮುತ್ತಲ ಹೂ, ಮೆಣಸಿನಕಾಯಿ, ಕೆಂಪೆಲೆಗಳಲ್ಲಿ ಒಟ್ಟು ಹಿಸ್ಟೋಗ್ರಾಮ್ ಸರಿ ಕಂಡರೂ ಕೆಂಪು ಮಾತ್ರ ಬಲ ಅಂಚಿಗೆ ಬಡಿದಿರುತ್ತದೆ. ಆಗ ದಳದ ಗೆರೆಗಳೆಲ್ಲ ಅಳಿಸಿ ಒಂದೇ ಕೆಂಪು ಮುದ್ದೆಯಾಗುತ್ತದೆ. ಮೂರೂ ಬಣ್ಣ ಬೇರೆ ಬೇರೆ ತೋರಿಸುವ ಹಿಸ್ಟೋಗ್ರಾಮ್ ಆಯ್ದುಕೊಂಡು ಮೂರನೇ ಒಂದರಿಂದ ಮೂರನೇ ಎರಡು ಸ್ಟಾಪ್‌ನಷ್ಟು ಇಳಿಸಿ.

3. ಪೋಲರೈಸರ್ ಫಿಲ್ಟರ್ ಒಂದನ್ನು ಕೊಳ್ಳಿ. ಬೇರೆ ಬಹುಪಾಲು ಫಿಲ್ಟರುಗಳ ಕೆಲಸವನ್ನು ಕಂಪ್ಯೂಟರಿನಲ್ಲಿ ಮಾಡಬಹುದು, ಇದರದ್ದನ್ನು ಮಾಡಲಾಗದು. ಎಲೆಯ ನುಣುಪು ಮೇಲ್ಮೈ ಆಕಾಶವನ್ನು ಪ್ರತಿಫಲಿಸುತ್ತದೆ, ಆ ಬಿಳಿ ಪೊರೆ ಬಣ್ಣವನ್ನು ಮುಚ್ಚುತ್ತದೆ. ಫಿಲ್ಟರನ್ನು ನಿಧಾನ ತಿರುಗಿಸುತ್ತ ನೋಡಿ, ಒಂದು ಹಂತದಲ್ಲಿ ಪೊರೆ ಕಳಚಿ ಬಣ್ಣ ಹೊರಬರುತ್ತದೆ. ಅದಕ್ಕೆ ತೆರಬೇಕಾದದ್ದು ಒಂದರಿಂದ ಎರಡು ಸ್ಟಾಪ್ ಬೆಳಕು. ಸೂರ್ಯ ನಿಮ್ಮ ಪಕ್ಕದಲ್ಲಿದ್ದಾಗ ಆಕಾಶದ ಮೇಲೆ ಇದರ ಪರಿಣಾಮ ಹೆಚ್ಚು. ಎದುರಿಗೋ ಬೆನ್ನಿಗೋ ಇದ್ದಾಗ ಬಹಳ ಕಡಿಮೆ. ತೀರಾ ಅಗಲದ ಲೆನ್ಸಿಗೆ ಹಾಕಿದರೆ ಆಕಾಶದ ಒಂದು ಕಡೆ ಮಾತ್ರ ಕಪ್ಪಾಗಿ ಅಸಹ್ಯವಾಗುತ್ತದೆ.

4. ಹಿಂಬೆಳಕಿಗೆ ಹಿನ್ನೆಲೆ ನೆರಳಾಗಿರಲಿ. ಹುಲ್ಲಿನ ತೆನೆ ಹೊಳೆಯಬೇಕಾದರೆ ಅದರ ಹಿಂದೆ ಇನ್ನೂ ಬಿಸಿಲು ಬೀಳದ ಗುಡ್ಡದ ಮಡಿಕೆ ಇರಬೇಕು. ಹಿಂದೆ ಬಿಳಿ ಆಕಾಶವಿದ್ದರೆ ಹೊಳಪೆಲ್ಲ ಅದರಲ್ಲಿ ಕರಗುತ್ತದೆ. ಮೊಣಕಾಲೂರಿ, ಅರ್ಧ ಅಡಿ ಆಚೀಚೆ ಸರಿದರೆ ಸಾಕು, ಹಿನ್ನೆಲೆ ಬದಲಾಗುತ್ತದೆ. ಸ್ಪಾಟ್ ಮೀಟರಿನಲ್ಲಿ ತೆನೆಯನ್ನೇ ಅಳೆಯಿರಿ. ಲೆನ್ಸಿನ ಮೇಲೆ ನೇರ ಬಿಸಿಲು ಬೀಳದಂತೆ ಅಂಗೈಯನ್ನೋ ಟೊಪ್ಪಿಗೆಯನ್ನೋ ಅಡ್ಡ ಹಿಡಿಯಿರಿ.

5. ಅಗಲದ ಲೆನ್ಸನ್ನು ಚೀಲದಲ್ಲಿಡಿ, ಟೆಲಿ ಲೆನ್ಸ್ ಹೊರತೆಗೆಯಿರಿ. ಗುಡ್ಡ ಎಂದಕೂಡಲೇ ಎಲ್ಲರೂ ಅಗಲದ ಲೆನ್ಸ್ ಹಾಕುತ್ತಾರೆ. ನಮ್ಮ ಗುಡ್ಡ ಹಿಮಾಲಯದಷ್ಟು ಎತ್ತರದ್ದಲ್ಲ, ಅಗಲದ ಲೆನ್ಸಿನಲ್ಲಿ ಅದು ಅಡಿಗೆರೆಯಂತೆ ಕುಗ್ಗಿಹೋಗುತ್ತದೆ. 70–200 ಮಿ.ಮೀ. ಲೆನ್ಸಿನಲ್ಲಿ ಮಡಿಕೆಗಳು ಒಂದರ ಮೇಲೊಂದು ಕೂರುತ್ತವೆ, ಬಣ್ಣದ ಪದರಗಳು ಕಾಣುತ್ತವೆ. ಎಫ್/8 ಅಥವಾ ಎಫ್/11 ಸಾಕು. ಎಫ್/22ಕ್ಕೆ ಹೋದರೆ ಚಿತ್ರ ಇನ್ನಷ್ಟು ಚೂಪಾಗುವ ಬದಲು ಮೆತ್ತಗಾಗುತ್ತದೆ. ಮುಂದೆ ಕಲ್ಲೋ ಕಣವೋ ಇಟ್ಟು ಅಗಲದ ಚಿತ್ರವೇ ಬೇಕಿದ್ದರೆ, ಫುಲ್ ಫ್ರೇಮ್ ಕ್ಯಾಮೆರಾದಲ್ಲಿ 24 ಮಿ.ಮೀ., ಎಫ್/11 ಇಟ್ಟು ಸುಮಾರು 2 ಮೀಟರ್ ದೂರಕ್ಕೆ ಫೋಕಸ್ ಮಾಡಿ. 1 ಮೀಟರಿನಿಂದ ಹಿಡಿದು ದೂರದ ಸಾಲಿನವರೆಗೆ ಎಲ್ಲವೂ ಸ್ಪಷ್ಟವಾಗಿರುತ್ತದೆ.

6. ಗಾಳಿಯ ಲೆಕ್ಕ ಹಿಡಿಯಿರಿ. ಈ ಗುಡ್ಡದ ನೆತ್ತಿಯ ಮೇಲೆ ಗಾಳಿ ವಿದ್ಯುತ್ತಿನ ಕಂಬಗಳ ಸಾಲು ಸುಮ್ಮನೆ ನಿಂತಿಲ್ಲ. ದೂರದ ಮಡಿಕೆಗೆ ಟ್ರೈಪಾಡ್ ಮೇಲೆ ನಿಧಾನದ ಶಟರ್ ಆಗಬಹುದು, ಹತ್ತಿರದ ಹುಲ್ಲಿಗೆ ಆಗದು. ಐಎಸ್ಒ 400 ಅಥವಾ 800ಕ್ಕೆ ಏರಿಸಿ ಶಟರನ್ನು ಸೆಕೆಂಡಿನ 250ನೇ ಒಂದು ಭಾಗಕ್ಕಿಂತ ವೇಗವಾಗಿಡಿ. ಸ್ವಲ್ಪ ಒರಟು ಕಾಳು ಬಂದರೂ ಪರವಾಗಿಲ್ಲ, ಅಲುಗಿದ ಹುಲ್ಲನ್ನು ಮಾತ್ರ ಯಾವ ತಂತ್ರಾಂಶವೂ ಸರಿಮಾಡದು. ಟ್ರೈಪಾಡಿನ ನಡುಕಂಬ ಎತ್ತಬೇಡಿ, ಅದರ ಕೆಳಗೆ ಚೀಲ ತೂಗುಹಾಕಿ.

7. ಒಂದೇ ಜಾಗದಲ್ಲಿ ಒಂದು ಗಂಟೆ ಇರಿ. ಏಳು ಹಂತಗಳಲ್ಲಿ ಜನ ಬಿಟ್ಟುಬಿಡುವುದು ಇದನ್ನೇ. ಹತ್ತು ಜಾಗ ಓಡಾಡಿದವರಿಗಿಂತ ಒಂದು ಮರದ ಮೇಲೆ ಬೆಳಕು ಏರುವುದನ್ನು ನೋಡುತ್ತ ಕೂತವರ ಚಿತ್ರ ಪ್ರತಿ ಶಿಬಿರದಲ್ಲೂ ಮೇಲಾಗಿ ಬಂದಿದೆ.

ಮೊಬೈಲ್ ಮಾತ್ರ ಇರುವವರು ಹಿಂಜರಿಯಬೇಕಿಲ್ಲ. ಬೆಳಕಿರುವ ಜಾಗವನ್ನು ಬೆರಳಿನಿಂದ ಒತ್ತಿ ಹಿಡಿದು ಎಕ್ಸ್‌ಪೋಷರ್ ಲಾಕ್ ಮಾಡಿ, ಸೂರ್ಯನ ಗುರುತನ್ನು ಸ್ವಲ್ಪ ಕೆಳಗೆ ಎಳೆಯಿರಿ. ದೃಶ್ಯ ನೋಡಿ ತಾನೇ ಬಣ್ಣ ಹೆಚ್ಚಿಸುವ ಸೌಲಭ್ಯವನ್ನು ಆರಿಸಿಡಿ. ಬೆರಳಿನಿಂದ ಹಿಗ್ಗಿಸಿ ಜೂಮ್ ಮಾಡಬೇಡಿ. ಫೋನಿನಲ್ಲಿ ಟೆಲಿ ಲೆನ್ಸ್ ಇದ್ದರೆ ಅದನ್ನು ಬಳಸಿ. ಹೊರಡುವ ಮೊದಲು ಲೆನ್ಸನ್ನು ಮೆತ್ತನೆ ಬಟ್ಟೆಯಿಂದ ಒರೆಸಿ. ಮಬ್ಬು ಚಿತ್ರಗಳಲ್ಲಿ ಬಹಳಷ್ಟು ಜೇಬಿನ ಜಿಡ್ಡಿನವು.

ಶಿಬಿರಕ್ಕೆ ಹಣ ಕಟ್ಟುವ ಮುನ್ನ

ಮಾರ್ಗದರ್ಶಕರ ಜೊತೆ ಹೋಗುವುದರ ಲಾಭ ಜಾಗ ತೋರಿಸುವುದರಲ್ಲಿಲ್ಲ. ಜಾಗವನ್ನು ನಕ್ಷೆ ನೋಡಿ ನೀವೇ ಹುಡುಕಬಹುದು. ತೆಗೆದ ಚಿತ್ರ ಯಾಕೆ ಸೋತಿತು ಎಂದು ಅದೇ ದಿನ ಪಕ್ಕದಲ್ಲಿ ಕೂತು ಹೇಳುವವರು ಸಿಗುವುದೇ ಅದರ ಲಾಭ. ಆದ್ದರಿಂದ ಸೇರುವ ಮುನ್ನ ಈ ಪ್ರಶ್ನೆಗಳನ್ನು ಕೇಳಿ: ಒಬ್ಬ ಮಾರ್ಗದರ್ಶಕರಿಗೆ ಎಷ್ಟು ಜನ? ಎಂಟು ದಾಟಿದರೆ ನಿಮ್ಮ ಸರದಿ ಬರುವುದು ಕಷ್ಟ. ಮಧ್ಯಾಹ್ನ ಚಿತ್ರ ನೋಡಿ ಚರ್ಚಿಸುವ ಹೊತ್ತು ಇದೆಯೇ? ಅದಿಲ್ಲದ ಶಿಬಿರ ಬರೀ ಪ್ರವಾಸ. ಅರಣ್ಯ ಇಲಾಖೆಯ ಅನುಮತಿ ಯಾರು ಪಡೆಯುತ್ತಾರೆ, ಪತ್ರ ಕೈಯಲ್ಲಿ ಇದೆಯೇ? ಊರಿನ ದಾರಿ ಬಲ್ಲವರು ಜೊತೆಗಿರುತ್ತಾರೆಯೇ? ಮಾರ್ಗದರ್ಶಕರು ಹೊತ್ತಿನ ತುಂಬ ತಮ್ಮ ಚಿತ್ರ ತಾವು ತೆಗೆದುಕೊಳ್ಳುತ್ತಾರೋ, ನಿಮ್ಮ ಕ್ಯಾಮೆರಾದ ಹಿಂದೆ ಬಂದು ನಿಲ್ಲುತ್ತಾರೋ ಎಂಬುದನ್ನು ಹಿಂದೆ ಹೋಗಿ ಬಂದವರಲ್ಲಿ ವಿಚಾರಿಸಿ.

ನಾನು ಕಲಿಯುತ್ತಿದ್ದ ದಿನಗಳಲ್ಲಿ ಒಂದು ಶಿಬಿರಕ್ಕೆ ಹೋಗಿದ್ದೆ. ಇಪ್ಪತ್ತೈದು ಜನ, ಒಂದೇ ಬಂಡೆ, ಎಲ್ಲರ ಟ್ರೈಪಾಡ್ ಒಂದಕ್ಕೊಂದು ತಾಗಿಕೊಂಡು. ಬಂದ ಚಿತ್ರಗಳೂ ಇಪ್ಪತ್ತೈದು, ನೋಡಲು ಒಂದೇ. ನನ್ನದು ಯಾವುದು ಎಂದು ನನಗೇ ಗುರುತು ಹಿಡಿಯಲಾಗಲಿಲ್ಲ. ಅಂದಿನಿಂದ ಒಂದು ರೂಢಿ ಇಟ್ಟುಕೊಂಡಿದ್ದೇನೆ: ಗುಂಪು ನಿಂತ ಜಾಗದಿಂದ ಎಲ್ಲರಂತೆ ಒಂದು ಚಿತ್ರ, ಅದು ಕಲಿಕೆಗೆ. ಆಮೇಲೆ ಮಾರ್ಗದರ್ಶಕರಿಗೆ ಹೇಳಿ, ಕಣ್ಣಳತೆಯಲ್ಲೇ ಐವತ್ತು ಹೆಜ್ಜೆ ದೂರ ಹೋಗಿ ನನ್ನದೇ ಒಂದು.

ಬಳ್ಳಾರಿ ಜಿಲ್ಲೆಯ ಸಂಡೂರು ಕಪ್ಪತಗುಡ್ಡದಂತೆಯೇ ಅದಿರಿನ ಗುಡ್ಡಗಳ ಊರು. ಅಲ್ಲಿನ ಎಂ.ವೈ. ಘೋರ್ಪಡೆ ಅವರ ಕಪ್ಪುಬಿಳುಪು ವನ್ಯಜೀವಿ ಚಿತ್ರಗಳು ಸಿಕ್ಕರೆ ಶಿಬಿರಕ್ಕೆ ಹೋಗುವ ಮುನ್ನ ನೋಡಿ. ಬಣ್ಣದ ಲೇಖನದಲ್ಲಿ ಕಪ್ಪುಬಿಳುಪಿನ ಮಾತೇಕೆ ಎನ್ನಬಹುದು. ಬಣ್ಣವನ್ನು ತೆಗೆದಿಟ್ಟ ಮೇಲೂ ಚಿತ್ರದಲ್ಲಿ ಬೆಳಕು ಉಳಿದಿದೆಯೇ ಎಂದು ನೋಡುವ ಕಣ್ಣು ಅಲ್ಲಿಂದ ಬರುತ್ತದೆ. ಹಾಗೆ ಉಳಿಯದ ಚಿತ್ರವನ್ನು ಎಷ್ಟು ಬಣ್ಣವೂ ಎತ್ತಿ ನಿಲ್ಲಿಸದು.

ಸಾಮಾನ್ಯವಾಗಿ ಆಗುವ ತಪ್ಪುಗಳು

ಹತ್ತು ಗಂಟೆಯ ನಂತರವೂ ದೂರದ ಗುಡ್ಡವನ್ನು ತೆಗೆಯುತ್ತಲೇ ಇರುವುದು ದೊಡ್ಡ ತಪ್ಪು. ಆ ಹೊತ್ತಿನಲ್ಲಿ ಮರದ ನೆರಳಿಗೆ ಹೋಗಿ, ಒಂದೇ ಎಲೆಯನ್ನು ಹಿಂಬೆಳಕಿನಲ್ಲಿ ತೆಗೆಯಿರಿ; ಅಥವಾ ರೊಟ್ಟಿ ಬಿಚ್ಚಿ ಊಟ ಮುಗಿಸಿ. ಇನ್ನೊಂದು, ಮೋಡ ಬಂತೆಂದು ಕ್ಯಾಮೆರಾ ಒಳಗಿಡುವುದು. ತೆಳು ಮೋಡದಡಿ ನೆರಳು ಮೆತ್ತಗಾಗಿ ಎಲೆಯ ಬಣ್ಣ ಇನ್ನಷ್ಟು ತುಂಬಿಕೊಳ್ಳುತ್ತದೆ. ಆಕಾಶವನ್ನು ಚೌಕಟ್ಟಿನಿಂದ ಹೊರಗಿಟ್ಟರಾಯಿತು.

ಗಾಳಿಯಲ್ಲಿ ಲೆನ್ಸ್ ಬದಲಿಸುವುದು ಮೂರನೆಯದು. ಇಲ್ಲಿನ ಕೆಂಪು ಧೂಳು ಸೆನ್ಸರಿನ ಮೇಲೆ ಕೂತರೆ ಆಕಾಶದ ತುಂಬ ಚುಕ್ಕೆ. ಬದಲಿಸಲೇಬೇಕಿದ್ದರೆ ಗಾಳಿಗೆ ಬೆನ್ನು ಮಾಡಿ, ಕ್ಯಾಮೆರಾ ಬಾಯಿ ಕೆಳಗೆ ಹಿಡಿದು, ಟವೆಲ್ಲಿನೊಳಗೆ ಬದಲಿಸಿ. ಸೂರ್ಯ ಮುಳುಗಿದ ಕೂಡಲೇ ಗಾಡಿ ಹತ್ತುವುದು ನಾಲ್ಕನೆಯದು. ಮುಂದಿನ ಹತ್ತು ಹದಿನೈದು ನಿಮಿಷ ಮೇಲಿನ ಮೋಡದ ಬೆಳಕು ಹುಲ್ಲಿನ ಮೇಲೆ ಮರಳಿ ಬೀಳುತ್ತದೆ. ಕಣ್ಣಿಗೆ ಮಂದವೆನಿಸಿದರೂ ಟ್ರೈಪಾಡಿನ ಮೇಲಿನ ಕ್ಯಾಮೆರಾಗೆ ಅದು ಧಾರಾಳ.

ಎಚ್ಚರಿಕೆ

ಕಪ್ಪತಗುಡ್ಡ 2019ರಿಂದ ವನ್ಯಜೀವಿ ಅಭಯಾರಣ್ಯ, ಸುಮಾರು 244 ಚದರ ಕಿ.ಮೀ. ಅಷ್ಟಾಗಲು ಎಷ್ಟು ಪ್ರಯಾಸವಾಯಿತು ಎಂಬುದನ್ನು ಈ ಭಾಗದವರು ಮರೆತಿಲ್ಲ. 2011ರಲ್ಲಿ ಉಕ್ಕಿನ ಕಾರ್ಖಾನೆಯ ವಿರುದ್ಧ ಗದಗಿನಲ್ಲಿ ತೋಂಟದ ಸಿದ್ಧಲಿಂಗ ಸ್ವಾಮೀಜಿಯವರ ಮುಂದಾಳತ್ವದಲ್ಲಿ ಹೋರಾಟ ನಡೆಯಿತು. 2015ರಲ್ಲಿ ಸಂರಕ್ಷಿತ ಪ್ರದೇಶದ ಘೋಷಣೆಯಾಯಿತು, 2016ರಲ್ಲಿ ಅದು ರದ್ದಾಯಿತು, ಜನ ಮತ್ತೆ ಬೀದಿಗಿಳಿದರು, 2017ರಲ್ಲಿ ಮರಳಿ ಬಂತು. ಔಷಧಿ ಸಸ್ಯಗಳಿಗೆ ಹೆಸರಾದ ಗುಡ್ಡ ಇದು. ಒಂದು ಚಿತ್ರಕ್ಕಾಗಿ ನೀವು ತುಳಿಯುವ ಗಿಡ ಯಾವುದೆಂದು ನಿಮಗೆ ಗೊತ್ತಿರುವುದಿಲ್ಲ. ಕಾಲುದಾರಿ ಬಿಡಬೇಡಿ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 28ನೇ ಕಲಂ ಪ್ರಕಾರ ಅಭಯಾರಣ್ಯದೊಳಗೆ ಫೋಟೊಗ್ರಫಿಗಾಗಿ ಹೋಗಲೂ ಅನುಮತಿ ಬೇಕು. ಡ್ರೋನ್ ಮಾತನ್ನು ಎತ್ತಲೇಬೇಡಿ. ಅನುಮತಿ ಸಿಗದಿದ್ದರೂ ನಷ್ಟವಿಲ್ಲ. ಈ ಲೇಖನದ ಬಹುಪಾಲು ಚಿತ್ರಗಳನ್ನು ಊರ ರಸ್ತೆ, ಕೆರೆ ಏರಿ, ಹೊಲದ ಬದುವಿನಿಂದಲೇ ತೆಗೆಯಬಹುದು. ಹೊಲ ಯಾರದೋ ಅವರನ್ನು ಕೇಳಿ ಕಾಲಿಡಿ. ಹರವಿದ ಮೆಣಸಿನಕಾಯಿಯ ಕಣಕ್ಕೆ ಚಪ್ಪಲಿ ಹಾಕಿಕೊಂಡು ಹೋಗಬೇಡಿ. ದೊಡ್ಡಬಸಪ್ಪ ಗುಡಿಯಲ್ಲಿ ಟ್ರೈಪಾಡ್ ಬಿಚ್ಚುವ ಮುನ್ನ ಅಲ್ಲಿನ ಸಿಬ್ಬಂದಿಯನ್ನು ಕೇಳಿ.

ಒಣ ಹುಲ್ಲೆಂದರೆ ಸೀಮೆಎಣ್ಣೆ ಹೊಯ್ದು ಇಟ್ಟಂತೆ. ಬೀಡಿ, ಸಿಗರೇಟು, ಚಹಾದ ಒಲೆ ಯಾವುದೂ ಬೇಡ. ಬಿಸಿಯಾದ ಬೈಕಿನ ಸೈಲೆನ್ಸರನ್ನು ಹುಲ್ಲಿಗೆ ತಾಗಿಸಿ ನಿಲ್ಲಿಸಬೇಡಿ. ಎಲ್ಲಾದರೂ ಹೊಗೆ ಕಂಡರೆ ಕ್ಯಾಮೆರಾ ಕೆಳಗಿಟ್ಟು ಮೊದಲು ಅರಣ್ಯ ಸಿಬ್ಬಂದಿಗೆ ಫೋನ್ ಮಾಡಿ. ಸಂಖ್ಯೆಯನ್ನು ಹೊರಡುವ ಮುನ್ನವೇ ಬರೆದಿಟ್ಟುಕೊಂಡಿರಿ. ಸಡಿಲ ಕಲ್ಲುಗಳ ಸಂದಿಯಲ್ಲಿ ಮಂಡಲ ಹಾವು ಇರಬಹುದು, ನೋಡದೆ ಕೈಯೂರಬೇಡಿ, ಕುಳಿತುಕೊಳ್ಳುವ ಮುನ್ನ ಕೋಲಿನಿಂದ ತಟ್ಟಿ. ಪಾದ ಮುಚ್ಚುವ ಬೂಟು ಇರಲಿ. ಹುಲ್ಲಿನ ಈಟಿಯಂಥ ಬೀಜಗಳು ಕಾಲುಚೀಲದೊಳಗೆ ಸೇರಿದರೆ ಚಿತ್ರದ ಮೇಲೆ ಮನಸ್ಸು ನಿಲ್ಲದು. ತಲೆಗೆ ಟವೆಲ್, ಒಬ್ಬರಿಗೆ ಎರಡು ಲೀಟರ್ ನೀರು. ಚಿರತೆ, ತೋಳ ಇರುವ ಗುಡ್ಡ. ಕತ್ತಲಾದ ಮೇಲೆ ಒಬ್ಬರೇ ಹಿಂದುಳಿಯಬೇಡಿ.

ಮನೆಗೆ ಬಂದ ಮೇಲೆ

ಬಣ್ಣ ತಿದ್ದುವಾಗ ಕಣ್ಣು ಬೇಗ ಮೋಸಹೋಗುತ್ತದೆ. ಹತ್ತು ನಿಮಿಷ ಪರದೆ ನೋಡಿದರೆ ಕಿತ್ತಳೆಯೇ ಸಹಜ ಅನಿಸತೊಡಗುತ್ತದೆ. ಒಟ್ಟು ಬಣ್ಣ ಹೆಚ್ಚಿಸುವ ಗುಂಡಿ ಮುಟ್ಟಬೇಡಿ. ಮೊದಲು ನೆರಳು ಮತ್ತು ಬೆಳಕಿನ ಅಂತರ ಸರಿಮಾಡಿ. ಆಮೇಲೆ ಹಳದಿ, ಕಿತ್ತಳೆಗಳ ಹೊಳಪನ್ನು ಮಾತ್ರ ತುಸು ಏರಿಸಿ, ನೀಲಿಯನ್ನು ಇದ್ದಂತೆಯೇ ಬಿಡಿ. ಒಂದು ರಾತ್ರಿ ಬಿಟ್ಟು ಬೆಳಿಗ್ಗೆ ಮತ್ತೆ ನೋಡಿ.

ಆ ಕುರಿಗಾಹಿ ಅಜ್ಜನಿಗೆ ಮುಂದಿನ ಸಲ ಹೋದಾಗ ಅಂದಿನ ಚಿತ್ರದ ಒಂದು ಪ್ರಿಂಟ್ ಒಯ್ದಿದ್ದೆ. ಬಿಸಿಲಿಗೆ ಹಿಡಿದು ಬಹಳ ಹೊತ್ತು ನೋಡಿ, "ಇಷ್ಟು ಕೆಂಪು ಎಲ್ಲೈತಿ ತಮ್ಮಾ ನಮ್ಮ ಗುಡ್ಡದಾಗ?" ಎಂದರು. ಅವರ ಮಾತು ಸರಿಯಿತ್ತು. ಅದನ್ನು ಅಳಿಸಿ ಮತ್ತೆ ಮಾಡಿದೆ. ಈಗ ಶಿಬಿರಕ್ಕೆ ಬಂದ ಪ್ರತಿಯೊಬ್ಬರಿಗೂ ಅಭಯಾರಣ್ಯದ ಹೊರಗೆ, ಹೊಲದ ಬದುವಿನಿಂದ ಒಣಗಿದ ಒಂದು ಹುಲ್ಲು ಕಡ್ಡಿ ಆರಿಸಿಕೊಳ್ಳಲು ಹೇಳುತ್ತೇನೆ. ಅದನ್ನು ನೋಟುಪುಸ್ತಕದ ಹಾಳೆಯ ನಡುವೆ ಇಟ್ಟು ತನ್ನಿ. ಬಣ್ಣ ತಿದ್ದುವ ದಿನ ಹಗಲು ಬೆಳಕು ಬರುವ ಕಿಟಕಿಯ ಹತ್ತಿರ ಕೂತು ಕಡ್ಡಿಯನ್ನು ಪರದೆಯ ಪಕ್ಕ ಹಿಡಿದು ನೋಡಿ, ಎರಡೂ ಒಂದೇ ಮನೆಯವು ಅನಿಸುವವರೆಗೆ ತಿದ್ದಿ. ಆದರೆ ಆ ವಾರವೇ ಮಾಡಿ, ತಿಂಗಳು ಕಳೆದರೆ ಕಡ್ಡಿಯೂ ಬಣ್ಣ ಬಿಡುತ್ತದೆ.